ಒಂದೇ ದೇಶ, ಎರಡು ಬಗೆಯ ಮತಪತ್ರ: ಉತ್ತರ ಐರ್ಲೆಂಡ್ ಐರೋಪ್ಯ ಸಂಸತ್ತಿಗೆ ಮೂವರನ್ನು ಆರಿಸುತ್ತಿದ್ದುದು ಹೇಗೆ?

2019ರ ಮೇ 23. ಭಾರತದಲ್ಲಿ ಎಲ್ಲರ ಕಣ್ಣು ಲೋಕಸಭಾ ಚುನಾವಣೆಯ ಫಲಿತಾಂಶದ ಮೇಲಿದ್ದ ದಿನ. ಅದೇ ಗುರುವಾರ ಬ್ರಿಟನ್‌ನಲ್ಲಿ ಐರೋಪ್ಯ ಸಂಸತ್ತಿಗೆ (ಯುರೋಪಿಯನ್ ಪಾರ್ಲಿಮೆಂಟ್) ಮತದಾನ ನಡೆದಿತ್ತು. ಲಂಡನ್, ಎಡಿನ್‌ಬರ್ಗ್, ಕಾರ್ಡಿಫ್‌ನ ಮತದಾರರು ತಮ್ಮ ಆಯ್ಕೆಯ ಪಕ್ಷದ ಮುಂದೆ ಒಂದೇ ಒಂದು ಗುರುತು ಹಾಕಿ ಮನೆಗೆ ಮರಳಿದರು. ಆದರೆ ಬೆಲ್‌ಫಾಸ್ಟ್‌ನ ಮತದಾರರ ಕೈಯಲ್ಲಿದ್ದ ಮತಪತ್ರವೇ ಬೇರೆ. ಅವರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿಗಳನ್ನು ಬರೆದರು.

ಒಂದೇ ದೇಶ, ಒಂದೇ ದಿನ, ಒಂದೇ ಸಂಸತ್ತು. ಹಾಗಿದ್ದೂ ಒಂದು ಪ್ರಾಂತ್ಯಕ್ಕೆ ಮಾತ್ರ ಬೇರೆ ನಿಯಮ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು 40 ವರ್ಷ ಹಿಂದಕ್ಕೆ ಹೋಗಬೇಕು. ಮತ ಎಣಿಸುವ ವಿಧಾನವನ್ನು ಬದಲಿಸಿ, ಒಂದು ಅಲ್ಪಸಂಖ್ಯಾತ ಸಮುದಾಯದ ದನಿ ಸಂಸತ್ತಿಗೆ ತಲುಪುವಂತೆ ಮಾಡಿದ ಅಪರೂಪದ ಪ್ರಯೋಗ ಇದು. 2019ರ ಚುನಾವಣೆಯೇ ಅದರ ಕೊನೆಯ ಅಧ್ಯಾಯವೂ ಆಯಿತು.

ಉತ್ತರ ಐರ್ಲೆಂಡ್‌ನ ಸಮಸ್ಯೆ ಏನು?

1921ರಲ್ಲಿ ಐರ್ಲೆಂಡ್ ದ್ವೀಪ ಇಬ್ಭಾಗವಾಯಿತು. ದಕ್ಷಿಣದ ದೊಡ್ಡ ಭಾಗ ಮುಂದೆ ಸ್ವತಂತ್ರ ಗಣರಾಜ್ಯವಾದರೆ, ಈಶಾನ್ಯದ ಆರು ಕೌಂಟಿಗಳು ಬ್ರಿಟನ್ ಜತೆಗೇ ಉಳಿದವು. ಅದೇ ಉತ್ತರ ಐರ್ಲೆಂಡ್.

ಅಲ್ಲಿನ ರಾಜಕೀಯ ಎರಡು ಪಾಳಯಗಳಾಗಿ ಸೀಳಿತ್ತು. ಬ್ರಿಟನ್ ಜತೆಗೇ ಇರಬೇಕು ಎನ್ನುವವರು ಯೂನಿಯನಿಸ್ಟರು. ಅವರಲ್ಲಿ ಬಹುತೇಕರು ಪ್ರಾಟೆಸ್ಟೆಂಟ್ ಕ್ರೈಸ್ತರು. ಐರ್ಲೆಂಡ್ ಜತೆ ಸೇರಬೇಕು ಎನ್ನುವವರು ನ್ಯಾಷನಲಿಸ್ಟರು. ಅವರಲ್ಲಿ ಬಹುತೇಕರು ಕ್ಯಾಥೊಲಿಕರು. 1970ರ ದಶಕದಲ್ಲಿ ಕ್ಯಾಥೊಲಿಕರು ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗದಷ್ಟಿದ್ದರು.

ಮೊದಲ ಎರಡು ಪ್ರಾಂತೀಯ ಚುನಾವಣೆಗಳು, ಅಂದರೆ 1921 ಮತ್ತು 1925ರ ಚುನಾವಣೆಗಳು, ಪ್ರಾಶಸ್ತ್ಯ ಮತದ ಪದ್ಧತಿಯಲ್ಲೇ ನಡೆದಿದ್ದವು. ನಂತರ ಯೂನಿಯನಿಸ್ಟ್ ಸರ್ಕಾರ ಅದನ್ನು ಕೈಬಿಟ್ಟು, 1929ರ ಚುನಾವಣೆಯಿಂದ ನಮ್ಮ ಲೋಕಸಭಾ ಚುನಾವಣೆಯ ಹಾಗೆ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಗೆ ಬದಲಾಯಿಸಿತು. 1972ರಲ್ಲಿ ಆ ಪ್ರಾಂತೀಯ ಸಂಸತ್ತನ್ನೇ ಅಮಾನತುಗೊಳಿಸುವವರೆಗೆ ಸರಿಸುಮಾರು ಅರ್ಧ ಶತಮಾನ ಒಂದೇ ಪಕ್ಷ ಅಧಿಕಾರದಲ್ಲಿತ್ತು. ನಾವೆಷ್ಟು ಮತ ಹಾಕಿದರೂ ಏನೂ ಬದಲಾಗುವುದಿಲ್ಲ ಎಂಬ ಹತಾಶೆ ಕ್ಯಾಥೊಲಿಕರಲ್ಲಿ ಬೇರೂರಿತು. 1960ರ ದಶಕದ ಕೊನೆಯಲ್ಲಿ ಶುರುವಾದ ಹಿಂಸಾಚಾರ ಮೂರು ದಶಕಗಳಲ್ಲಿ ಸುಮಾರು 3,500 ಜೀವಗಳನ್ನು ಬಲಿ ಪಡೆಯಿತು.

1979: ಮೂರು ಸೀಟು, ಒಂದು ಲೆಕ್ಕಾಚಾರ

ಇಂಥ ಹೊತ್ತಿನಲ್ಲೇ ಐರೋಪ್ಯ ಸಂಸತ್ತಿಗೆ ಮೊದಲ ಬಾರಿ ನೇರ ಚುನಾವಣೆ ಘೋಷಣೆಯಾಯಿತು. ಅಲ್ಲಿಯವರೆಗೆ ಸದಸ್ಯ ರಾಷ್ಟ್ರಗಳ ಸಂಸತ್ತುಗಳೇ ತಮ್ಮ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದವು. ಬ್ರಿಟನ್‌ಗೆ ಒಟ್ಟು 81 ಸ್ಥಾನ ಸಿಕ್ಕವು. ಇಂಗ್ಲೆಂಡ್‌ಗೆ 66, ಸ್ಕಾಟ್ಲೆಂಡ್‌ಗೆ 8, ವೇಲ್ಸ್‌ಗೆ 4, ಉತ್ತರ ಐರ್ಲೆಂಡ್‌ಗೆ 3.

ಹೇಗೆ ಆರಿಸಬೇಕು ಎಂಬುದನ್ನು ಆಗ ಆಯಾ ದೇಶಗಳೇ ನಿರ್ಧರಿಸಬಹುದಿತ್ತು. ಪಕ್ಷಗಳ ಮತ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ಪ್ರಸ್ತಾವವನ್ನು ಬ್ರಿಟನ್‌ನ ಕಾಮನ್ಸ್ ಸಭೆ 1977ರ ಡಿಸೆಂಬರ್‌ನಲ್ಲಿ ತಿರಸ್ಕರಿಸಿತು. ಹಾಗಾಗಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳನ್ನು 78 ಏಕಸದಸ್ಯ ಕ್ಷೇತ್ರಗಳಾಗಿ ವಿಂಗಡಿಸಲಾಯಿತು.

ಉತ್ತರ ಐರ್ಲೆಂಡ್‌ನಲ್ಲೂ ಹೀಗೇ ಮೂರು ಕ್ಷೇತ್ರ ಮಾಡಿದ್ದರೆ? ಮೂರರಲ್ಲೂ ಯೂನಿಯನಿಸ್ಟರೇ ಗೆದ್ದು, ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೆ ಯುರೋಪಿನಲ್ಲಿ ಒಬ್ಬ ಪ್ರತಿನಿಧಿಯೂ ಇಲ್ಲದಂತಾಗುವ ಸಾಧ್ಯತೆ ದಟ್ಟವಾಗಿತ್ತು. ಆದ್ದರಿಂದ 1978ರ ಕಾಯ್ದೆಯಲ್ಲಿ ಆ ಪ್ರಾಂತ್ಯಕ್ಕೆ ಮಾತ್ರ ಪ್ರತ್ಯೇಕ ನಿಯಮ ಸೇರಿಸಲಾಯಿತು. ಇಡೀ ಉತ್ತರ ಐರ್ಲೆಂಡ್ ಒಂದೇ ಕ್ಷೇತ್ರ, ಮೂರು ಸೀಟು, ಪ್ರಾಶಸ್ತ್ಯ ಮತದಾನ. ಯೂನಿಯನಿಸ್ಟ್ ಸಂಸದರು ಇದನ್ನು ವಿರೋಧಿಸಿದರು. ದೇಶವೆಲ್ಲ ಒಂದು ಪದ್ಧತಿಯಲ್ಲಿ ಮತ ಹಾಕುವಾಗ ನಮಗೇಕೆ ಇನ್ನೊಂದು ಎಂಬುದು ಅವರ ಆಕ್ಷೇಪವಾಗಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಕ್ಯಾಥೊಲಿಕರಿಗೆಂದು ಒಂದು ಸೀಟನ್ನು ಮೀಸಲಿಡುವ ದಾರಿಯನ್ನು ಸರ್ಕಾರ ಹಿಡಿಯಲಿಲ್ಲ. ಮತಪತ್ರ ಯಾರ ಧರ್ಮವನ್ನೂ ಕೇಳಲಿಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಮತ ಕೂಡಿಸಬಲ್ಲ ಯಾವುದೇ ಗುಂಪಿಗೆ ಒಂದು ಸೀಟು ತಪ್ಪುವುದಿಲ್ಲ ಎಂಬ ಗಣಿತವನ್ನಷ್ಟೇ ಅಲ್ಲಿ ನೆಚ್ಚಿಕೊಳ್ಳಲಾಯಿತು.

ಏನಿದು ಪ್ರಾಶಸ್ತ್ಯ ಮತ? ಕರ್ನಾಟಕದವರಿಗೆ ಇದು ಹೊಸತಲ್ಲ

ಕರ್ನಾಟಕ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪದ್ಧತಿ ಗೊತ್ತೇ ಇರುತ್ತದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಬರೆಯಬೇಕು. ರಾಜ್ಯಸಭೆಗೆ ಶಾಸಕರು ಮತ ಹಾಕುವುದೂ ಹೀಗೆಯೇ.

ಗೆಲ್ಲಲು ಬೇಕಾದ ಮತಗಳ ಸಂಖ್ಯೆಗೆ ಕೋಟಾ ಎನ್ನುತ್ತಾರೆ. ಲೆಕ್ಕ ಸರಳ. ಸಿಂಧುವಾದ ಒಟ್ಟು ಮತಗಳನ್ನು ಸೀಟುಗಳ ಸಂಖ್ಯೆಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರವನ್ನು ದಾಟುವ ಮೊದಲ ಪೂರ್ಣಸಂಖ್ಯೆಯೇ ಕೋಟಾ. ಕರ್ನಾಟಕದ 224 ಶಾಸಕರು ರಾಜ್ಯಸಭೆಯ 4 ಸ್ಥಾನಗಳಿಗೆ ಮತ ಹಾಕುವಾಗ 224ನ್ನು 5ರಿಂದ ಭಾಗಿಸಿದರೆ 44.8. ಹಾಗಾಗಿ ಒಬ್ಬರ ಗೆಲುವಿಗೆ 45 ಮತ ಬೇಕು. ಪ್ರತಿ ರಾಜ್ಯಸಭಾ ಚುನಾವಣೆಯಲ್ಲೂ ಸುದ್ದಿಯಲ್ಲಿ ಕೇಳಿಬರುವ 45ರ ಗುಟ್ಟು ಇದೇ.

ಎಣಿಕೆ ಸುತ್ತು ಸುತ್ತಾಗಿ ನಡೆಯುತ್ತದೆ. ಮೊದಲು ಎಲ್ಲರ ಪ್ರಥಮ ಪ್ರಾಶಸ್ತ್ಯದ ಮತಗಳನ್ನು ಎಣಿಸಲಾಗುತ್ತದೆ. ಕೋಟಾ ದಾಟಿದವರು ಗೆದ್ದಂತೆ. ಅವರಿಗೆ ಬಿದ್ದ ಹೆಚ್ಚುವರಿ ಮತಗಳು ವ್ಯರ್ಥವಾಗುವುದಿಲ್ಲ. ಆ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಹೋಗುತ್ತವೆ. ಯಾರೂ ಕೋಟಾ ದಾಟದಿದ್ದರೆ ಕೊನೆಯ ಸ್ಥಾನದಲ್ಲಿರುವ ಅಭ್ಯರ್ಥಿಯನ್ನು ಕಣದಿಂದ ಹೊರಗಿಟ್ಟು, ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚಲಾಗುತ್ತದೆ. ಮೂರೂ ಸೀಟು ತುಂಬುವವರೆಗೆ ಇದು ಮುಂದುವರಿಯುತ್ತದೆ.

ಮತದಾರರು ಎಲ್ಲ ಹೆಸರುಗಳ ಮುಂದೆಯೂ ಅಂಕಿ ಬರೆಯಬೇಕೆಂಬ ಕಡ್ಡಾಯವಿಲ್ಲ. 1 ಎಂದು ಬರೆದು ನಿಲ್ಲಿಸಿದರೂ ಮತ ಸಿಂಧು. ಆದರೆ ಆ ಅಭ್ಯರ್ಥಿ ಹೊರಬಿದ್ದರೆ ಆ ಮತಪತ್ರದ ಪಯಣ ಅಲ್ಲಿಗೇ ಮುಗಿಯುತ್ತದೆ.

ಕೋಟಾ ಮುಟ್ಟುವಷ್ಟು ಸ್ವಂತ ಮತ ಇಲ್ಲದಿದ್ದರೂ ಗೆಲ್ಲಬಹುದೇ? ಖಂಡಿತ. 2022ರ ಜೂನ್‌ನಲ್ಲಿ ಕರ್ನಾಟಕದಿಂದ ನಡೆದ ರಾಜ್ಯಸಭಾ ಚುನಾವಣೆಯೇ ಇದಕ್ಕೆ ಸಾಕ್ಷಿ. ನಾಲ್ಕನೇ ಸ್ಥಾನಕ್ಕೆ ಬೇಕಾದ 45 ಮತ ಯಾವ ಪಕ್ಷದ ಬಳಿಯೂ ಇರಲಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಎರಡೂ ಪ್ರತ್ಯೇಕವಾಗಿ ಅಭ್ಯರ್ಥಿಗಳನ್ನು ಇಳಿಸಿದವು. ಬಿಜೆಪಿಯ ಲೆಹರ್ ಸಿಂಗ್ ಗೆದ್ದರು. ಮತಗಳು ಹೇಗೆ ಹಂಚಿಹೋಗುತ್ತವೆ ಎಂಬುದರ ಮೇಲೆ ಕೊನೆಯ ಸೀಟು ನಿಂತಿರುತ್ತದೆ.

ಒಂದು ವ್ಯತ್ಯಾಸ ನೆನಪಿಡಬೇಕು. ರಾಜ್ಯಸಭೆಗೆ ಮತ ಹಾಕುವವರು ಶಾಸಕರು, ತಮ್ಮ ಮತಪತ್ರವನ್ನು ಅವರು ಪಕ್ಷದ ಏಜೆಂಟರಿಗೆ ತೋರಿಸಬೇಕು. ಉತ್ತರ ಐರ್ಲೆಂಡ್‌ನಲ್ಲಿ ಹೀಗೆ ಮತ ಹಾಕಿದವರು ಸಾಮಾನ್ಯ ಜನರು, ಅದೂ ಗುಪ್ತ ಮತದಾನದಲ್ಲಿ.

ಮೊದಲ ಎಣಿಕೆಯಲ್ಲಿ ಆದದ್ದೇನು?

1979ರ ಜೂನ್ 7ರಂದು ಮತದಾನ ನಡೆಯಿತು. ಸಿಂಧುವಾದ ಮತಗಳು 5,72,239. ನಾಲ್ಕರಿಂದ ಭಾಗಿಸಿದರೆ ಕೋಟಾ 1,43,060.

ಡಿಯುಪಿ ಪಕ್ಷದ ನಾಯಕ, ಪ್ರಾಟೆಸ್ಟೆಂಟ್ ಪಾದ್ರಿ ಇಯಾನ್ ಪೈಸ್ಲಿ ಮೊದಲ ಸುತ್ತಿನಲ್ಲೇ 1,70,688 ಮತ ಪಡೆದು ಗೆದ್ದರು. ಅವರಿಗೆ 27,628 ಮತ ಹೆಚ್ಚಾಗಿತ್ತು. ಇಂಥ ಸಂದರ್ಭದಲ್ಲಿ ಯಾವ ಮತಪತ್ರಗಳನ್ನು ಹೆಚ್ಚುವರಿ ಎಂದು ತೆಗೆಯುವುದು ಎಂಬ ಪ್ರಶ್ನೆ ಬರುತ್ತದೆ. ಕಣ್ಣುಮುಚ್ಚಿ ಒಂದು ಕಟ್ಟನ್ನು ಎತ್ತಿಕೊಂಡರೆ ಅದು ಲಾಟರಿಯಾಗುತ್ತದೆ. ಅದರ ಬದಲು ವಿಜೇತರ ಎಲ್ಲ ಮತಪತ್ರಗಳನ್ನೂ ನೋಡಿ, ಪ್ರತಿಯೊಂದನ್ನೂ ಕಡಿಮೆ ಬೆಲೆಯಲ್ಲಿ ಮುಂದಿನವರಿಗೆ ದಾಟಿಸಲಾಗುತ್ತದೆ. ಪೈಸ್ಲಿ ಪ್ರಕರಣದಲ್ಲಿ ಆ ಬೆಲೆ ಒಂದು ಮತದ ಸುಮಾರು ಆರನೇ ಒಂದು ಭಾಗ.

ಎರಡನೆಯವರು ಎಸ್‌ಡಿಎಲ್‌ಪಿಯ ಜಾನ್ ಹ್ಯೂಮ್. ಡೆರಿ ನಗರದ ಮಾಜಿ ಶಿಕ್ಷಕ, ನ್ಯಾಷನಲಿಸ್ಟ್ ಪಾಳಯದಲ್ಲಿ ಅಹಿಂಸೆಯ ಪರ ನಿಂತ ಪ್ರಮುಖ ದನಿ. ಅವರು ಪಡೆದದ್ದು 1,40,622 ಮತ. ಕೋಟಾಕ್ಕೆ 2,438 ಮತ ಮಾತ್ರ ಕಡಿಮೆ. ಮುಂದಿನ ಸುತ್ತುಗಳಲ್ಲಿ ಅವರು ಗೆರೆ ದಾಟಿದರು.

ಮೂರನೇ ಸೀಟಿನ ಕಥೆ ಇನ್ನೂ ಸ್ವಾರಸ್ಯಕರ. ಅಲ್‌ಸ್ಟರ್ ಯೂನಿಯನಿಸ್ಟ್ ಪಕ್ಷ (ಯುಯುಪಿ) ಇಬ್ಬರನ್ನು ಕಣಕ್ಕಿಳಿಸಿತ್ತು. ಜಾನ್ ಟೇಲರ್‌ಗೆ 68,185, ಪಕ್ಷದ ನಾಯಕ ಹ್ಯಾರಿ ವೆಸ್ಟ್‌ಗೆ 56,984 ಮತ. ಸಾಮಾನ್ಯ ಚುನಾವಣೆಯಲ್ಲಾದರೆ ಒಂದೇ ಪಕ್ಷದ ಇಬ್ಬರು ನಿಂತರೆ ಮತ ಒಡೆದು ಇಬ್ಬರೂ ಮಣ್ಣು ಮುಕ್ಕುತ್ತಾರೆ. ಇಲ್ಲಿ ವೆಸ್ಟ್ ಹೊರಬಿದ್ದಾಗ ಅವರ ಮತಗಳು ಟೇಲರ್ ಕೈಹಿಡಿದವು. ಟೇಲರ್ ಗೆದ್ದರು. ಕೆಲವೇ ವಾರಗಳಲ್ಲಿ ವೆಸ್ಟ್ ಪಕ್ಷದ ನಾಯಕತ್ವ ಬಿಟ್ಟುಕೊಟ್ಟರು.

ಹೀಗೆ ಇಬ್ಬರು ಯೂನಿಯನಿಸ್ಟರು, ಒಬ್ಬ ನ್ಯಾಷನಲಿಸ್ಟ್ ಆಯ್ಕೆಯಾದರು. ಜನಸಂಖ್ಯೆಯ ಪ್ರಮಾಣಕ್ಕೆ ಇದು ಹತ್ತಿರವಿತ್ತು. ಅತ್ತ ಹಳೆಯ ಪದ್ಧತಿಯಲ್ಲೇ ಮತ ಹಾಕಿದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕನ್ಸರ್ವೇಟಿವ್ ಪಕ್ಷ ಅರ್ಧದಷ್ಟು ಮತ ಪಡೆದು 78ರಲ್ಲಿ 60 ಸೀಟು ಬಾಚಿತು. ಶೇ 13ರಷ್ಟು ಮತ ಪಡೆದ ಲಿಬರಲ್ ಪಕ್ಷಕ್ಕೆ ಒಂದೂ ಸೀಟು ಸಿಗಲಿಲ್ಲ.

ಇದಾಗಿ ಮೂರು ತಿಂಗಳೊಳಗೆ, ಆಗಸ್ಟ್ 27ರಂದು, ಭಾರತದ ಕೊನೆಯ ವೈಸ್‌ರಾಯ್ ಲಾರ್ಡ್ ಮೌಂಟ್‌ಬ್ಯಾಟನ್ ಅವರನ್ನು ಐರ್ಲೆಂಡ್ ಕರಾವಳಿಯಲ್ಲಿ ಐಆರ್‌ಎ ಬಾಂಬ್ ಸ್ಫೋಟಿಸಿ ಕೊಂದಿತು. ಅದೇ ದಿನ ಗಡಿಯ ವಾರೆನ್‌ಪಾಯಿಂಟ್‌ನಲ್ಲಿ 18 ಬ್ರಿಟಿಷ್ ಸೈನಿಕರು ಹತರಾದರು. ಮತಪೆಟ್ಟಿಗೆಯಿಂದಲೂ ಏನಾದರೂ ಸಾಧಿಸಬಹುದು ಎಂದು ಜನರಿಗೆ ತೋರಿಸುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದಕ್ಕೆ ಆ ಒಂದು ದಿನ ಸಾಕು.

40 ವರ್ಷ, 9 ಚುನಾವಣೆ: ಗೆದ್ದವರು ಯಾರು?

(1989, 1994 ಮತ್ತು 1999ರಲ್ಲಿ ಆಯ್ಕೆಯಾದವರು ಒಂದೇ ಮೂವರು. ಒಟ್ಟು ಚುನಾವಣೆಗಳನ್ನು ಎಣಿಸಿದರೆ 1979ರ ನಂತರದ 8, ಮೊದಲನೆಯದೂ ಸೇರಿ 9.)

* 1979, 1984: ಇಯಾನ್ ಪೈಸ್ಲಿ (ಡಿಯುಪಿ), ಜಾನ್ ಹ್ಯೂಮ್ (ಎಸ್‌ಡಿಎಲ್‌ಪಿ), ಜಾನ್ ಟೇಲರ್ (ಯುಯುಪಿ)
* 1989, 1994, 1999: ಪೈಸ್ಲಿ, ಹ್ಯೂಮ್, ಜಿಮ್ ನಿಕೋಲ್ಸನ್ (ಯುಯುಪಿ)
* 2004: ಜಿಮ್ ಅಲಿಸ್ಟರ್ (ಡಿಯುಪಿ), ಬಾರ್ಬ್ರ ಡಿ ಬ್ರೂನ್ (ಸಿನ್ ಫೇನ್), ನಿಕೋಲ್ಸನ್
* 2009: ಡಿ ಬ್ರೂನ್, ಡಯಾನ್ ಡಾಡ್ಸ್ (ಡಿಯುಪಿ), ನಿಕೋಲ್ಸನ್
* 2014: ಮಾರ್ಟಿನಾ ಆ್ಯಂಡರ್ಸನ್ (ಸಿನ್ ಫೇನ್), ಡಾಡ್ಸ್, ನಿಕೋಲ್ಸನ್
* 2019: ಆ್ಯಂಡರ್ಸನ್, ಡಾಡ್ಸ್, ನವೋಮಿ ಲಾಂಗ್ (ಅಲಯನ್ಸ್)

ಪಟ್ಟಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಪದ್ಧತಿ ಬದಲಾದರೂ ಮತದಾರರ ಮನಸ್ಸು ಬೇಗ ಬದಲಾಗಲಿಲ್ಲ. ಯೂನಿಯನಿಸ್ಟ್ ಮತದಾರರ ಎರಡನೇ ಪ್ರಾಶಸ್ತ್ಯ ಹೆಚ್ಚಾಗಿ ಇನ್ನೊಬ್ಬ ಯೂನಿಯನಿಸ್ಟ್‌ಗೇ ಹೋಗುತ್ತಿತ್ತು, ನ್ಯಾಷನಲಿಸ್ಟರದ್ದು ನ್ಯಾಷನಲಿಸ್ಟರಿಗೇ. ಹಾಗಾಗಿ 2014ರವರೆಗೂ ಇಬ್ಬರು ಮತ್ತು ಒಬ್ಬರು ಎಂಬ ಲೆಕ್ಕ ಮುರಿಯಲೇ ಇಲ್ಲ. ಪಾಳಯದ ಒಳಗೆ ಮಾತ್ರ ಅದಲು ಬದಲಾಯಿತು. 2009ರಲ್ಲಿ ಸಿನ್ ಫೇನ್‌ನ ಡಿ ಬ್ರೂನ್ ಪ್ರಥಮ ಪ್ರಾಶಸ್ತ್ಯದಲ್ಲಿ ಎಲ್ಲರಿಗಿಂತ ಮುಂದೆ ಬಂದರು. ಅಲ್ಲಿಯವರೆಗಿನ ಎಲ್ಲ ಐರೋಪ್ಯ ಚುನಾವಣೆಗಳಲ್ಲೂ ಆ ಜಾಗ ಡಿಯುಪಿಯದ್ದಾಗಿತ್ತು.

ಬದ್ಧ ವೈರಿಗಳು ಒಟ್ಟಿಗೆ ಹೋದ ದಿನ

ಪೈಸ್ಲಿ ಮತ್ತು ಹ್ಯೂಮ್ ಒಂದೇ ಪ್ರಾಂತ್ಯದ ಪ್ರತಿನಿಧಿಗಳಾದರೂ ಒಬ್ಬರಿಗೊಬ್ಬರು ಎಣ್ಣೆ ಸೀಗೆಕಾಯಿ. ಪೈಸ್ಲಿ ಐರೋಪ್ಯ ಒಕ್ಕೂಟವನ್ನೇ ವಿರೋಧಿಸುತ್ತಿದ್ದವರು. 1988ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸ್ಟ್ರಾಸ್‌ಬರ್ಗ್‌ನ ಸಂಸತ್ತಿನಲ್ಲಿ ಮಾತನಾಡಲು ನಿಂತಾಗ ಪೈಸ್ಲಿ ಎದ್ದು ನಿಂತು ಅವರನ್ನು ಕ್ರಿಸ್ತವಿರೋಧಿ ಎಂದು ಕೂಗಿದರು. ಕೊನೆಗೆ ಅವರನ್ನು ಸದನದಿಂದ ಹೊರಹಾಕಬೇಕಾಯಿತು. ಹ್ಯೂಮ್ ಅದಕ್ಕೆ ತದ್ವಿರುದ್ಧ. ಎರಡು ಮಹಾಯುದ್ಧಗಳಲ್ಲಿ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿ ಒಂದೇ ಸದನದಲ್ಲಿ ಕೂರಬಹುದಾದರೆ ನಾವೇಕೆ ಕೂರಬಾರದು ಎಂಬುದು ಅವರ ವಾದ.

1994ರ ಚುನಾವಣೆಯಲ್ಲಿ ಇವರಿಬ್ಬರ ನಡುವಿನ ಅಂತರ ಕೇವಲ 1,254 ಮತ. ಪೈಸ್ಲಿಗೆ 1,63,246, ಹ್ಯೂಮ್‌ಗೆ 1,61,992. ಅದೇ ವರ್ಷದ ಆಗಸ್ಟ್ 31ರಂದು ಐಆರ್‌ಎ ಕದನ ವಿರಾಮ ಘೋಷಿಸಿತು. ಅಕ್ಟೋಬರ್‌ನಲ್ಲಿ ಎದುರು ಪಾಳಯದ ಸಶಸ್ತ್ರ ಗುಂಪುಗಳೂ ಅದೇ ಹಾದಿ ಹಿಡಿದವು. ಆಗ ಪೈಸ್ಲಿ, ಹ್ಯೂಮ್, ನಿಕೋಲ್ಸನ್ ಮೂವರೂ ಜತೆಯಾಗಿ ಐರೋಪ್ಯ ಆಯೋಗದ ಅಂದಿನ ಅಧ್ಯಕ್ಷ ಜಾಕ್ ಡೆಲೋರ್ ಅವರನ್ನು ಭೇಟಿಯಾದರು. ಶಾಂತಿ ನೆಲೆಗೊಳ್ಳಬೇಕಾದರೆ ಉದ್ಯೋಗ, ವಸತಿ, ಎರಡೂ ಸಮುದಾಯಗಳು ಸೇರುವ ಜಾಗಗಳಿಗೆ ಹಣ ಬೇಕು ಎಂಬ ವಿಷಯದಲ್ಲಿ ಮೂವರದ್ದೂ ಒಂದೇ ಮಾತಾಗಿತ್ತು.

ಅದರ ಫಲವೇ 1995ರಲ್ಲಿ ಶುರುವಾದ 'ಪೀಸ್' ಯೋಜನೆ. ಡೆರಿ ನಗರದಲ್ಲಿ ಫಾಯ್ಲ್ ನದಿಯ ಎರಡು ದಡಗಳನ್ನು ಜೋಡಿಸುವ, 2011ರಲ್ಲಿ ತೆರೆದ 'ಪೀಸ್ ಬ್ರಿಡ್ಜ್' ಕಾಲುಸೇತುವೆಗೆ ಹಣ ಬಂದದ್ದು ಇದೇ ಯೋಜನೆಯಿಂದ. ಒಂದು ದಡದಲ್ಲಿ ಹೆಚ್ಚಾಗಿ ಕ್ಯಾಥೊಲಿಕರು, ಇನ್ನೊಂದು ದಡದಲ್ಲಿ ಹೆಚ್ಚಾಗಿ ಪ್ರಾಟೆಸ್ಟೆಂಟರು ವಾಸಿಸುವ ಊರು ಅದು. ಬ್ರೆಕ್ಸಿಟ್ ನಂತರವೂ ಯೋಜನೆ 'ಪೀಸ್ ಪ್ಲಸ್' ಹೆಸರಿನಲ್ಲಿ ಮುಂದುವರಿದಿದೆ. 1998ರಲ್ಲಿ ಗುಡ್ ಫ್ರೈಡೇ ಒಪ್ಪಂದವಾಯಿತು. ಅದೇ ವರ್ಷ ಹ್ಯೂಮ್, ಯುಯುಪಿಯ ಡೇವಿಡ್ ಟ್ರಿಂಬಲ್ ಜತೆ ನೊಬೆಲ್ ಶಾಂತಿ ಪುರಸ್ಕಾರ ಹಂಚಿಕೊಂಡರು.

1979ರಲ್ಲಿ ಮೂರೂ ಸೀಟು ಒಂದೇ ಪಾಳಯಕ್ಕೆ ಹೋಗಿದ್ದರೆ ಡೆಲೋರ್ ಎದುರು ಕೂತ ಆ ಮೂವರಲ್ಲಿ ಹ್ಯೂಮ್ ಇರುತ್ತಿರಲಿಲ್ಲ. ಹಣ ಕೇಳಲು ಬಂದದ್ದು ಎರಡೂ ಸಮುದಾಯ ಎಂದು ಹೇಳಲು ಆಗುತ್ತಿರಲಿಲ್ಲ.

2019: ಲೆಕ್ಕ ಮುರಿದ ಕೊನೆಯ ಚುನಾವಣೆ

1999ರಿಂದ ಬ್ರಿಟನ್‌ನ ಉಳಿದ ಭಾಗವೂ ಪಕ್ಷಗಳ ಮತ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ಪದ್ಧತಿಗೆ ಬದಲಾಗಿತ್ತು. ಆದರೆ ಅಲ್ಲಿ ಮತ ಪಕ್ಷಕ್ಕೆ, ಗೆಲ್ಲುವವರ ಸರದಿ ಪಕ್ಷ ಮಾಡಿದ ಪಟ್ಟಿಯಂತೆ. ಉತ್ತರ ಐರ್ಲೆಂಡ್ ಮಾತ್ರ ತನ್ನ 1, 2, 3 ಬಿಡಲಿಲ್ಲ. ಇಡೀ ಐರೋಪ್ಯ ಒಕ್ಕೂಟದಲ್ಲಿ ಪ್ರಾಶಸ್ತ್ಯ ಮತ ಬಳಸುತ್ತಿದ್ದುದು ಐರ್ಲೆಂಡ್, ಮಾಲ್ಟಾ ಮತ್ತು ಉತ್ತರ ಐರ್ಲೆಂಡ್ ಮಾತ್ರ.

2016ರ ಜನಮತಗಣನೆಯಲ್ಲಿ ಬ್ರಿಟನ್ ಒಕ್ಕೂಟದಿಂದ ಹೊರಬರಲು ನಿರ್ಧರಿಸಿದರೂ ಉತ್ತರ ಐರ್ಲೆಂಡ್‌ನ ಶೇ 55.8ರಷ್ಟು ಮತದಾರರು ಉಳಿಯುವುದೇ ಲೇಸು ಎಂದಿದ್ದರು. ಮೂರು ವರ್ಷಗಳ ನಂತರ ನಡೆದ ಐರೋಪ್ಯ ಚುನಾವಣೆಯಲ್ಲಿ ಆ ಬಿಸಿ ಆರಿರಲಿಲ್ಲ. 11 ಅಭ್ಯರ್ಥಿಗಳು ಕಣದಲ್ಲಿದ್ದರು. ಅವರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ನಿಂತ ಭಾರತ ಮೂಲದ ಅಮನ್‌ದೀಪ್ ಸಿಂಗ್ ಭೋಗಲ್ ಕೂಡ ಒಬ್ಬರು. ಅವರಿಗೆ ಸಾವಿರ ಮತವೂ ಬೀಳಲಿಲ್ಲ.

ಒಟ್ಟು ಮತ 5,72,447, ಕೋಟಾ 1,43,112. 1979ಕ್ಕೆ ಹೋಲಿಸಿದರೆ ಬರೀ 208 ಮತಗಳ ವ್ಯತ್ಯಾಸ. ಪ್ರಥಮ ಪ್ರಾಶಸ್ತ್ಯದಲ್ಲಿ ಯಾರೂ ಕೋಟಾ ಮುಟ್ಟಲಿಲ್ಲ. ಆ್ಯಂಡರ್ಸನ್‌ಗೆ 1,26,951, ಡಾಡ್ಸ್‌ಗೆ 1,24,991, ಲಾಂಗ್‌ಗೆ 1,05,928 ಮತ ಬಂದವು.

ಅಲಯನ್ಸ್ ಎರಡೂ ಪಾಳಯಕ್ಕೆ ಸೇರದ ಪಕ್ಷ. 2014ರಲ್ಲಿ ಅದಕ್ಕೆ ಬಂದದ್ದು ಶೇ 7.1ರಷ್ಟು ಮತ. 2019ರಲ್ಲಿ ಅದು ಶೇ 18.5ಕ್ಕೆ ಜಿಗಿಯಿತು. ಗೆಲುವಿನ ಗಣಿತ ಹೀಗಿದೆ: ಡಿಯುಪಿ, ಟಿಯುವಿ, ಯುಯುಪಿ ಈ ಮೂರು ಯೂನಿಯನಿಸ್ಟ್ ಪಕ್ಷಗಳ ಮತ ಕೂಡಿಸಿದರೆ 2,40,064. ಅಂದರೆ 1.68 ಕೋಟಾ. ಸಿನ್ ಫೇನ್ ಮತ್ತು ಎಸ್‌ಡಿಎಲ್‌ಪಿ ಸೇರಿ 2,05,540, ಅಂದರೆ 1.44 ಕೋಟಾ. ಅಲಯನ್ಸ್ ಮತ್ತು ಗ್ರೀನ್ ಪಕ್ಷ ಸೇರಿ 0.83 ಕೋಟಾ. ಎರಡೂ ಪಾಳಯಕ್ಕೆ ತಲಾ ಒಂದು ಸೀಟು ಸಂದ ಮೇಲೆ ಯೂನಿಯನಿಸ್ಟರ ಬಳಿ ಉಳಿದದ್ದು 0.68, ನ್ಯಾಷನಲಿಸ್ಟರ ಬಳಿ 0.44. ಮಧ್ಯದವರ 0.83 ಇವೆರಡಕ್ಕಿಂತ ಹೆಚ್ಚು. ಮೂರನೇ ಸೀಟು ಲಾಂಗ್ ಪಾಲಾಯಿತು.

40 ವರ್ಷಗಳಲ್ಲಿ ಮೊದಲ ಬಾರಿಗೆ ಮೂವರಲ್ಲಿ ಒಬ್ಬರಷ್ಟೇ ಯೂನಿಯನಿಸ್ಟ್. ಶೇ 42ರಷ್ಟು ಮತ ಪಡೆದ ಪಾಳಯಕ್ಕೂ ಒಂದು ಸೀಟು, ಶೇ 18.5 ಪಡೆದ ಪಕ್ಷಕ್ಕೂ ಒಂದು ಸೀಟು! ಪದ್ಧತಿಯ ಮಿತಿ ಇರುವುದೂ ಇಲ್ಲೇ. ಸೀಟು ಮೂರೇ ಆದಾಗ ಹಂಚಿಕೆ ಎಂದೂ ಕರಾರುವಾಕ್ಕಾಗುವುದಿಲ್ಲ. ಎಣಿಕೆಯೂ ನಿಧಾನ. 2014ರಲ್ಲಿ ಮೂವರ ಹೆಸರು ಪ್ರಕಟಿಸಲು ಎರಡು ದಿನ ಹಿಡಿದಿತ್ತು.

ಈ ಚುನಾವಣೆಗಳಲ್ಲಿ ಭಾರತೀಯರಿಗೂ ಒಂದು ಪಾಲಿತ್ತು. ಬ್ರಿಟನ್‌ನಲ್ಲಿ ನೆಲೆಸಿ ವಾಸದ ಅನುಮತಿ ಪಡೆದ ಕಾಮನ್‌ವೆಲ್ತ್ ದೇಶಗಳ ಪೌರರಿಗೆ ಅಲ್ಲಿ ಐರೋಪ್ಯ ಸಂಸತ್ತಿಗೆ ಮತ ಹಾಕುವ ಹಕ್ಕಿತ್ತು. ಹಾಗಾಗಿ ಬೆಲ್‌ಫಾಸ್ಟ್‌ನಲ್ಲಿ ಕೆಲಸ ಮಾಡುವ ಭಾರತೀಯ ಪಾಸ್‌ಪೋರ್ಟಿನ ಕನ್ನಡಿಗರೂ ಹೆಸರು ನೋಂದಾಯಿಸಿ 1, 2, 3 ಎಂದು ಬರೆಯಬಹುದಿತ್ತು.

ಈಗ ಏನಾಗಿದೆ?

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರನಡೆಯಿತು. ಬ್ರಿಟನ್‌ನ 73 ಸ್ಥಾನಗಳ ಜತೆಗೆ ಉತ್ತರ ಐರ್ಲೆಂಡ್‌ನ ಮೂರು ಸೀಟುಗಳೂ ಇಲ್ಲವಾದವು.

ಆದರೆ ಒಕ್ಕೂಟದ ಕಾನೂನು ಅಲ್ಲಿಂದ ಪೂರ್ತಿ ಹೋಗಲಿಲ್ಲ. ಐರ್ಲೆಂಡ್ ದ್ವೀಪದ ನಡುವೆ ಮತ್ತೆ ಗಡಿ ತಪಾಸಣೆ ಬರಬಾರದು ಎಂಬ ಕಾರಣಕ್ಕೆ ಸರಕುಗಳಿಗೆ ಸಂಬಂಧಿಸಿದ ಐರೋಪ್ಯ ನಿಯಮಗಳು ಉತ್ತರ ಐರ್ಲೆಂಡ್‌ನಲ್ಲಿ ಇಂದಿಗೂ ಜಾರಿಯಲ್ಲಿವೆ. 2023ರ ವಿಂಡ್ಸರ್ ಒಪ್ಪಂದ ಇದನ್ನು ಸಡಿಲಿಸಿತೇ ಹೊರತು ತೆಗೆದುಹಾಕಲಿಲ್ಲ. ಅಂದರೆ ಆ ನಿಯಮಗಳನ್ನು ರೂಪಿಸುವ ಸಂಸತ್ತಿನಲ್ಲಿ ಅವುಗಳನ್ನು ಪಾಲಿಸಬೇಕಾದ ಜನರ ಪರ ಮಾತನಾಡಲು ಒಬ್ಬರೂ ಇಲ್ಲ. ಗಡಿಯಾಚೆಗಿನ ಐರ್ಲೆಂಡ್ 2024ರಲ್ಲಿ ಇದೇ ಪ್ರಾಶಸ್ತ್ಯ ಮತದಿಂದ 14 ಮಂದಿಯನ್ನು ಆರಿಸಿ ಕಳುಹಿಸಿತು. ಉತ್ತರದಲ್ಲಿ ವಾಸಿಸುವವರು ಐರ್ಲೆಂಡ್ ಪೌರರಾಗಿದ್ದರೂ ಅಲ್ಲಿ ಮತ ಹಾಕುವಂತಿಲ್ಲ.

ಇದಕ್ಕೆ ಪರ್ಯಾಯವಾಗಿ ಎರಡು ವ್ಯವಸ್ಥೆಗಳಿವೆ. ಒಂದು, ಹೊಸ ಐರೋಪ್ಯ ನಿಯಮದ ಬಗ್ಗೆ ಪ್ರಾಂತೀಯ ವಿಧಾನಸಭೆಯ ಕನಿಷ್ಠ ಎರಡು ಪಕ್ಷಗಳ 30 ಸದಸ್ಯರು ಆಕ್ಷೇಪ ಎತ್ತಬಹುದು. ಇನ್ನೊಂದು, ಸರಕು ನಿಯಮಗಳು ಮುಂದುವರಿಯಬೇಕೇ ಎಂದು ವಿಧಾನಸಭೆ ಆಗಾಗ ಮತ ಹಾಕಬೇಕು. 2024ರ ಡಿಸೆಂಬರ್‌ನಲ್ಲಿ ನಡೆದ ಇಂಥ ಮೊದಲ ಮತದಾನದಲ್ಲಿ ಮುಂದುವರಿಕೆಯ ಪರ 48, ವಿರುದ್ಧ 36 ಮತ ಬಿದ್ದವು. ಯೂನಿಯನಿಸ್ಟರು ವಿರೋಧಿಸಿದರು. ಎರಡೂ ಸಮುದಾಯಗಳ ಬೆಂಬಲ ಸಿಗದ ಕಾರಣ ಒಪ್ಪಿಗೆಯ ಅವಧಿ ನಾಲ್ಕು ವರ್ಷಕ್ಕೆ ಸೀಮಿತವಾಯಿತು. 2028ರಲ್ಲಿ ಪ್ರಶ್ನೆ ಮತ್ತೆ ಎದುರಾಗಲಿದೆ.

2021ರ ಜನಗಣತಿಯ ಪ್ರಕಾರ ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ 45.7, ಪ್ರಾಟೆಸ್ಟೆಂಟ್ ಮತ್ತು ಇತರ ಕ್ರೈಸ್ತ ಹಿನ್ನೆಲೆಯವರು ಶೇ 43.5. ಯಾರು ಬಹುಸಂಖ್ಯಾತರು, ಯಾರು ಅಲ್ಪಸಂಖ್ಯಾತರು ಎಂಬ ಹಳೆಯ ಲೆಕ್ಕವೇ ತಿರುಗಿದೆ. 1978ರಲ್ಲಿ ಪ್ರಾಶಸ್ತ್ಯ ಮತವನ್ನು ವಿರೋಧಿಸಿದ್ದು ಯೂನಿಯನಿಸ್ಟರು. ಇಂದು ತಮ್ಮ ಪ್ರಾಂತ್ಯಕ್ಕೆ ಅನ್ವಯಿಸುವ ಐರೋಪ್ಯ ನಿಯಮಗಳ ಮೇಲೆ ನಮಗೆ ಹಿಡಿತವಿಲ್ಲ ಎಂದು ಹೆಚ್ಚು ದೂರುತ್ತಿರುವವರೂ ಅವರೇ. ಪ್ರಾಂತೀಯ ವಿಧಾನಸಭೆಗೆ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಉತ್ತರ ಐರ್ಲೆಂಡ್‌ನ ಜನ ಈಗಲೂ 1, 2, 3 ಎಂದೇ ಬರೆಯುತ್ತಾರೆ. ಐರೋಪ್ಯ ಸಂಸತ್ತಿಗೆ ಬರೆಯಲು ಮಾತ್ರ ಮತಪತ್ರವಿಲ್ಲ.